ಈ ಕಾರು ನಮ್ಮದಲ್ಲ



ಕಳೆದ ಭಾನುವಾರ ಬೆಳಿಗ್ಗೆ ಆಫೀಸಿಗೆ ಹೋಗುವ ದಾರಿಯಲ್ಲಿ ಅಂಚೆ ಡಬ್ಬಿ ತೆರೆದಾಗ ಒಳಗೆ ಮೂರು ಲಕೋಟೆಗಳಿದ್ದವು. ಒಂದು ನೀರಿನ ಬಿಲ್ಲು. ಇನ್ನೊಂದು ನಮ್ಮ ಸಂಘದ್ದೇ ಆಮಂತ್ರಣ. ಮೂರನೆಯದು ಒಂದು ವಿಮಾ ಕಂಪನಿಯಿಂದ ಬಂದದ್ದು. 'ತಮ್ಮ ವಾಹನದ ವಿಮೆಯನ್ನು ನವೀಕರಿಸಿಕೊಳ್ಳುವಿರಾ' ಎಂದು ಬಹಳ ಮರ್ಯಾದೆಯಿಂದ ಕೇಳಿದ್ದಾರೆ. ಕೇಳಿದ್ದು ನಮ್ಮನ್ನಲ್ಲ. 2020ರ ಜೂನ್ ತಿಂಗಳಲ್ಲಿ ಮಸ್ಕತ್ ಬಿಟ್ಟುಹೋದ, 2021ರಲ್ಲಿ ಊರಿನ ನ್ಯಾಯಾಲಯದ ತೀರ್ಪಿನ ಪ್ರಕಾರ ನಮಗೆ ಏನೂ ಆಗಬೇಕಾಗಿಲ್ಲದ ಒಬ್ಬ ಮಹನೀಯರನ್ನು. ಎರಡನೆಯ ಲಕೋಟೆಯ ಮೇಲೆ ಇದ್ದದ್ದೂ ಅವರದೇ ಹೆಸರು. ಆ ವಿಷಯಕ್ಕೆ ಆಮೇಲೆ ಬರುತ್ತೇವೆ.

ನಾವು ಎಂದರೆ ಮದೀನತ್ ಸುಲ್ತಾನ್ ಖಾಬೂಸಿನಲ್ಲಿ ಒಂದೇ ಮನೆಯಲ್ಲಿರುವ ಅಕ್ಕ ತಂಗಿಯರು. ನಮ್ಮಿಬ್ಬರಲ್ಲಿ ಒಬ್ಬಳ ಮದುವೆ ಮುರಿದಿದೆ. ಯಾರದು ಎಂದು ಇಲ್ಲಿ ಬರೆಯುವುದಿಲ್ಲ. ನಿಮಗೆಲ್ಲ ಗೊತ್ತೇ ಇದೆ, ನಮಗಿಂತ ಮೊದಲೇ ಕೆಲವರಿಗೆ ಗೊತ್ತಿತ್ತು. ನಾವಿಬ್ಬರೂ ನಮ್ಮ ನಮ್ಮ ಕೆಲಸದ ವೀಸಾದಲ್ಲಿದ್ದೇವೆ, ಬಾಡಿಗೆ ನಾವೇ ಕಟ್ಟುತ್ತೇವೆ, ಅಂಚೆ ಡಬ್ಬಿಯೂ 2016ರಿಂದ ನಮ್ಮ ಹೆಸರಿನಲ್ಲೇ ಇದೆ. ಇಷ್ಟು ಹೇಳಿದ್ದು ಹೆಚ್ಚುಗಾರಿಕೆಗಲ್ಲ. ಮುಂದಿನ ವಾದಕ್ಕೆ ಇದು ಬೇಕು.

ಊರಿನಲ್ಲಿರುವ ನೆಂಟರಿಗೆ ಈ ದೇಶದ ಅಂಚೆಯ ರೀತಿ ಅರ್ಥವಾಗುವುದಿಲ್ಲ. ಅಲ್ಲಿ ಪೋಸ್ಟ್‌ಮ್ಯಾನ್ ಮನೆ ಬಾಗಿಲಿಗೆ ಬರುತ್ತಾನೆ. 'ಅವರು ಈಗ ಇಲ್ಲಿಲ್ಲ ಮಾರಾಯ' ಎಂದು ಒಂದು ಮಾತು ಹೇಳಿದರೆ ಕಾಗದ ತಿರುಗಿ ಹೋಗುತ್ತದೆ, ಮರುದಿನದಿಂದ ಅವನಿಗೇ ಎಲ್ಲ ನೆನಪಿರುತ್ತದೆ. ಇಲ್ಲಿ ಮನುಷ್ಯನಿಗೆ ಒಂದು ಡಬ್ಬಿ ನಂಬರು, ಒಂದು ಪಿನ್ ಕೋಡು. ನಮಗೆ 115, ರುವಿಯವರಿಗೆ 112. ಯಾರು ಯಾವ ಫಾರಂನಲ್ಲಿ ಯಾವ ಡಬ್ಬಿ ನಂಬರು ಬರೆದರೋ ಕಾಗದ ಅಲ್ಲಿಗೇ ಬರುತ್ತದೆ. ಡಬ್ಬಿಗೆ ಮಾತು ಬರುವುದಿಲ್ಲ, 'ಇವರು ಹೋದರು' ಎಂದು ಅದು ಹೇಳಲಾರದು. ಮನೆಯ ಗುರುತೂ ಹಾಗೆಯೇ. ಯಾವುದೋ ವೇ ನಂಬರು, ಯಾವುದೋ ಕಟ್ಟಡ ನಂಬರು, ಬ್ರಿಟಿಷ್ ಶಾಲೆಯ ಕಡೆಯಿಂದ ಬಂದರೆ ಎಡಕ್ಕೆ, ಬೋಗನ್‌ವಿಲ್ಲಾ ಇರುವ ಗೋಡೆ. ಒಮ್ಮೆ ಇದನ್ನು ಒಂದು ಗ್ಯಾರೇಜಿನ ಪುಸ್ತಕದಲ್ಲಿ ಬರೆಸಿಬಿಟ್ಟರೆ ಮುಗಿಯಿತು. ಹೋದವರು ಹೋದರೂ ಅವರ ಕಾರು ಈ ವಿಳಾಸದಲ್ಲೇ ಸಂಸಾರ ಹೂಡಿರುತ್ತದೆ.

ಏನೇನು ಬಂದಿದೆ ಕೇಳಿ. ವಿಮೆಯ ನೆನಪೋಲೆ ವರ್ಷಕ್ಕೊಂದು. 'ತಮ್ಮ ಗಾಡಿಗೆ ಆಯಿಲ್ ಬದಲಿಸುವ ಕಾಲ ಬಂತು' ಎಂದು ಸರ್ವೀಸಿನವರ ಸಂದೇಶ, ಮೊದಲೆರಡು ವರ್ಷ ತಪ್ಪದೆ. ಶೋರೂಮಿನ ಫಾರಂನಲ್ಲಿ ಬರೆದಿದ್ದ ಫೋನ್ ನಂಬರು ನಮ್ಮಲ್ಲೊಬ್ಬಳದಾದ್ದರಿಂದ ರಂಜಾನ್ ಕೊಡುಗೆ, ಟೈರಿನ ಕೊಡುಗೆ, ಬ್ಯಾಟರಿಯ ಕೊಡುಗೆ. ಇವೆಲ್ಲ ನಗುವ ವಿಷಯವೇ. ನಾವೂ ಎಷ್ಟೋ ದಿನ ನಕ್ಕೆವು.

ನಗು ನಿಂತದ್ದು 2022ರಲ್ಲಿ. ಒಂದು ಸಂಜೆ ಬಾಗಿಲು ಬಡಿದ ಸದ್ದಾಯಿತು. ಮಗು ಹೋಗಿ ತೆರೆಯಿತು. ಹೊರಗೆ ನಡುವಯಸ್ಸಿನ ಒಬ್ಬ ಒಮಾನಿ ಸದ್ಗೃಹಸ್ಥರು, ಬಿಳಿಯ ದಿಶ್‌ದಾಶ, ಕೈಯಲ್ಲಿ ಫೋನು. ಸಲಾಂ ಹೇಳಿ ಆ ಮಹನೀಯರ ಹೆಸರು ಹಿಡಿದು ಕೇಳಿದರು. ಅಲ್ ಖುವೈರಿನ ಒಂದು ಪಾರ್ಕಿಂಗಿನಲ್ಲಿ ಯಾರೋ ಅವರ ಗಾಡಿಯ ಬಂಪರಿಗೆ ತಾಗಿಸಿ, ತಮ್ಮ ಕಾರನ್ನು ಅಲ್ಲೇ ಪಕ್ಕದ ಸಾಲಿನಲ್ಲಿ ನಿಲ್ಲಿಸಿ, ಎತ್ತಲೋ ಹೋಗಿಬಿಟ್ಟಿದ್ದರಂತೆ. ಕಾದು ಕಾದು ಸಾಕಾಗಿ ಅವರು ಗಾಜಿನಿಂದ ಒಳಗೆ ನೋಡಿದ್ದಾರೆ. ಡ್ಯಾಶ್‌ಬೋರ್ಡಿನ ಮೇಲೆ ಒಂದು ಹಳೆಯ ಸರ್ವೀಸ್ ಬಿಲ್ಲು. ಬಿಲ್ಲಿನಲ್ಲಿ ನಮ್ಮ ವೇ ನಂಬರು, ನಮ್ಮ ಕಟ್ಟಡ. ಅವರೇನೂ ಕೂಗಾಡಲಿಲ್ಲ. ನಿಜ ಹೇಳಬೇಕೆಂದರೆ, ನಾವು ಬಾಗಿಲಲ್ಲೇ ನಿಂತು ತಡವರಿಸಿದ್ದನ್ನು ನೋಡಿ ಅವರೇ ಸಂಕೋಚಪಟ್ಟರು. 'ಈ ಮನೆಯಲ್ಲಿ ಆ ಹೆಸರಿನವರು ಇಲ್ಲ' ಎಂದು ಹೇಳಿದೆವು. ಮಗು ನಮ್ಮ ಪಕ್ಕದಲ್ಲೇ ನಿಂತು, ತನ್ನ ತಂದೆಯ ಹೆಸರನ್ನು ಒಬ್ಬ ಅಪರಿಚಿತರ ಬಾಯಲ್ಲಿ ಕೇಳಿ, ನಮ್ಮ ಉತ್ತರವನ್ನೂ ಕೇಳಿಸಿಕೊಂಡಿತು.

ಇದನ್ನು ಸಣ್ಣ ವಿಷಯ ಎನ್ನುವವರು ಇನ್ನು ಮುಂದೆ ಓದಬೇಕಾಗಿಲ್ಲ.

ಕಾರು ಅಲ್ಲಿಗೆ ಹೇಗೆ ಹೋಯಿತು? ಆ ಮಹನೀಯರು ಹೊರಡುವಾಗ ಅದನ್ನು ಒಬ್ಬ ಸ್ನೇಹಿತರಿಗೆ ಕೊಟ್ಟುಹೋದರು. ಕೀ ಕೊಟ್ಟರು, ಹೆಸರು ಕೊಡಲಿಲ್ಲ. 2020ರ ಮೇ ಮತ್ತು ಜೂನ್ ತಿಂಗಳುಗಳ ಗಡಿಬಿಡಿ ನಿಮಗೆಲ್ಲ ನೆನಪಿದೆ. ವಂದೇ ಭಾರತ್ ವಿಮಾನದಲ್ಲಿ ಸೀಟು ಸಿಕ್ಕಿತೆಂದರೆ ಇದ್ದ ಬಟ್ಟೆಯಲ್ಲಿ ಓಡುವ ಕಾಲ. ಎಷ್ಟೋ ಕಾರುಗಳು ಕಟ್ಟಡಗಳ ಕೆಳಗೆ ಧೂಳು ಹಿಡಿದು ನಿಂತವು, ಮುನಿಸಿಪಾಲಿಟಿಯವರು ಎಚ್ಚರಿಕೆಯ ಚೀಟಿ ಅಂಟಿಸಿದರು. ಆ ಒಂದು ತಿಂಗಳನ್ನು ನಾವು ಕ್ಷಮಿಸುತ್ತೇವೆ. ಆದರೆ ಆಮೇಲಿನ ವರ್ಷಗಳು? 'ಆಮೇಲೆ ಮಾಡಿಸಿಕೊಳ್ಳೋಣ' ಎಂದು ಒಬ್ಬರು ಅಲ್ಲಿ, ಒಬ್ಬರು ಇಲ್ಲಿ ಕುಳಿತರು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎನ್ನುತ್ತಾರೆ. ಇಲ್ಲಿ ಇಬ್ಬರೂ ಈರಭದ್ರರೇ. ಕೋಡಂಗಿಗಳಾದದ್ದು ವಿಳಾಸದಲ್ಲಿದ್ದವರು. ಆ ಸ್ನೇಹಿತರೂ ಈ ಪುಟಗಳನ್ನು ಓದುತ್ತಾರೆ. ಓದಲಿ.

ಮುಲ್ಕಿಯಾ ಎಂಬ ಆ ಸಣ್ಣ ಕಾರ್ಡಿನ ಅರ್ಥವೇ ಒಡೆತನ. ಅದರಲ್ಲಿ ಯಾರ ಹೆಸರಿದೆಯೋ ಕಾರು ಅವರದು, ಕಾರಿನ ದಂಡವೂ ಅವರದು. ದಂಡ ಬಾಕಿ ಇದ್ದರೆ ಮುಲ್ಕಿಯಾ ನವೀಕರಣವಾಗುವುದಿಲ್ಲ, ವಿಮೆ ಇಲ್ಲದಿದ್ದರೂ ಆಗುವುದಿಲ್ಲ. ಹಳೆಯ ಗಾಡಿಯಾದರೆ ತಪಾಸಣೆಯೂ ಆಗಬೇಕು. ರಾಯಲ್ ಒಮಾನ್ ಪೊಲೀಸರು ಈ ಮೂರನ್ನೂ ಒಂದಕ್ಕೊಂದು ಗಂಟು ಹಾಕಿದ್ದಾರೆ, ಒಳ್ಳೆಯದನ್ನೇ ಮಾಡಿದ್ದಾರೆ. ಕೀ ಒಬ್ಬರ ಹತ್ತಿರ, ಹೆಸರು ಇನ್ನೊಬ್ಬರದು, ವಿಳಾಸ ಮೂರನೆಯವರದು ಎಂದು ಕಾರನ್ನು ಮೂರು ಪಾಲು ಮಾಡಿದವರು ಪೊಲೀಸರಲ್ಲ, ನಮ್ಮವರು.

ಇನ್ನು ನಮ್ಮ ಬಾಂಧವರ ಸಲಹೆಗಳು. ಗಣೇಶ ಚತುರ್ಥಿಯ ಊಟದ ಸಾಲಿನಲ್ಲಿ ಒಬ್ಬ ಹಿರಿಯರು ಹೇಳಿದರು: 'ಹತ್ತೋ ಹದಿನೈದೋ ರಿಯಾಲ್ ದಂಡ ಇದ್ದರೆ ಕಟ್ಟಿಬಿಡಿ ತಾಯಿ, ಹಾವೂ ಸಾಯಬಾರದು, ಕೋಲೂ ಮುರಿಯಬಾರದು.' ಹಾವು ಯಾರದು, ಕೋಲು ಯಾರದು ಎಂದು ನಾವು ಕೇಳಲಿಲ್ಲ, ಎಲೆಯ ಮೇಲೆ ಪಾಯಸ ಬಂದಿತ್ತು. ಈಗ ಕೇಳುತ್ತೇವೆ. ಇನ್ನೊಬ್ಬರ ಗಾಡಿಯ ದಂಡ ಒಮ್ಮೆ ಕಟ್ಟಿದವರು ಏನು ಒಪ್ಪಿಕೊಂಡಂತಾಯಿತು? 'ಈ ವಿಳಾಸದಲ್ಲಿ ಈ ಕಾರಿನ ಜವಾಬ್ದಾರಿ ಹೊರುವವರಿದ್ದಾರೆ' ಎಂದು. ಮುಂದಿನ ಸಲ ಬಾಗಿಲು ಬಡಿದವರಿಗೆ 'ಇಲ್ಲ' ಎನ್ನುವ ಬಾಯಿ ಉಳಿಯುವುದಿಲ್ಲ. ಸಾಲ ವಸೂಲಿಯ ಕಂಪನಿಗಳಿಗೆ ಬೇಕಾದ್ದೂ ಇಷ್ಟೇ. ಹಣ ಕೊಡುವ ಒಂದು ಫೋನ್ ನಂಬರು ಸಿಕ್ಕರೆ ಸಾಕು, ಅದು ಹೆಂಡತಿಯದೋ ಮಾಜಿ ಹೆಂಡತಿಯದೋ ಎಂದು ವಿಚಾರಿಸುವ ಪುರುಸೊತ್ತು ಅವರಿಗೆ ಇರುವುದಿಲ್ಲ.

ಇನ್ನೊಬ್ಬ ಸೋದರಿಯ ಸಲಹೆ: 'ಬಂದದ್ದನ್ನೆಲ್ಲ ಫೋಟೋ ತೆಗೆದು ಅವರಿಗೆ ವಾಟ್ಸಾಪ್ ಮಾಡಿಬಿಡಿ, ಮುಗಿಯಿತು.' ಮುಗಿಯುವುದಿಲ್ಲ. ಮೊದಲ ವರ್ಷ ನಾವು ಹಾಗೇ ಮಾಡಿದೆವು. ಪ್ರತಿ ಫೋಟೋಗೂ ಒಂದು ಉತ್ತರ ಬರುತ್ತದೆ. ಉತ್ತರದಲ್ಲಿ ಕಾರಿನ ಬಗ್ಗೆ ಅರ್ಧ ಸಾಲು, ಉಳಿದದ್ದು ಬೇರೆ. ನ್ಯಾಯಾಲಯ ಮುಗಿಸಿದ ಜಗಳವನ್ನು ರೇಡಿಯೇಟರಿನ ನೆಪದಲ್ಲಿ ಮತ್ತೆ ಶುರು ಮಾಡಬಹುದು ಎಂದು ನಮಗೆ ಆಗ ಗೊತ್ತಾಯಿತು. ಒಂದು ಸಲ, ಒಂದೇ ಸಲ, ಈಮೇಲಿನಲ್ಲಿ ತಿಳಿಸಬೇಕು: ನಿಮ್ಮ ವಾಹನದ ಕಾಗದಗಳು ಇಲ್ಲಿಗೆ ಬರುತ್ತಿವೆ, ವಿಳಾಸ ಬದಲಿಸಿಕೊಳ್ಳಿ, ಇನ್ನು ಬಂದದ್ದನ್ನು ವಾಪಸು ಕಳಿಸುತ್ತೇವೆ. ಅದರ ಪ್ರತಿ ಇಟ್ಟುಕೊಳ್ಳಬೇಕು. ಅಲ್ಲಿಗೆ ಮನುಷ್ಯತ್ವದ ಕರ್ತವ್ಯ ತೀರಿತು. ಗುಮಾಸ್ತೆಯ ಕೆಲಸಕ್ಕೆ ಸಂಬಳ ಬೇಕಾಗುತ್ತದೆ.

ಮೂರನೆಯ ಸಲಹೆಯನ್ನು ಹೇಳಲು ನಮಗೇ ನಾಚಿಕೆ. 'ಬರಲಿ ಬಿಡಿ, ಒಂದು ಹೆಸರಿಗೆ ಕಾಗದ ಬರುತ್ತಿದ್ದರೆ ಮನೆಯಲ್ಲಿ ಗಂಡಸು ಇದ್ದಾರೆ ಎಂದು ನೋಡಿದವರಿಗೆ ಗೊತ್ತಾಗುತ್ತದೆ, ಹೆಂಗಸರೇ ಇರುವ ಮನೆ.' ಅಂಚೆ ಡಬ್ಬಿಯೊಳಗಿನ ವಿಮಾ ಕಾಗದ ನಮ್ಮನ್ನು ಕಾಯುತ್ತದಂತೆ!

ನಮ್ಮ ಬಾಂಧವರು ಎಲ್ಲಿ ಎಡವುತ್ತಾರೆ ಎಂಬುದು ಸ್ಪಷ್ಟವಾಗಬೇಕಾದರೆ ಎರಡನೆಯ ಕಾರಿನ ಕತೆ ಹೇಳಬೇಕು. ಹೌದು, ಇನ್ನೊಂದು ಕಾರಿತ್ತು, ಊರಿನಲ್ಲಿ, ಕೆಎ 20 ನಂಬರಿನದು. 2012ರಲ್ಲಿ ಮದುವೆಯಾದಾಗ ನಮ್ಮ ತಂದೆ ಕೊಡಿಸಿದ್ದು. ಗಂಡಿನ ಕಡೆಯವರು ಕಾರು 'ಕೇಳಲಿಲ್ಲ', ನಮ್ಮ ಕಡೆ ಯಾರೂ ಕೇಳುವುದಿಲ್ಲ, ಎಲ್ಲರೂ ಪ್ರೀತಿಯಿಂದ ಕೊಡುತ್ತಾರೆ! ಕಲ್ಯಾಣ ಮಂಟಪದ ಎದುರು ರಿಬ್ಬನ್ ಕಟ್ಟಿಸಿಕೊಂಡು ನಿಂತ ಕಾರುಗಳನ್ನು ನಾವೂ ನೀವೂ ಎಷ್ಟು ನೋಡಿಲ್ಲ. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ಹಾಗೆ ಪಡೆದದ್ದು ಬೇರೆಯವರ ಕೈಯಲ್ಲಿದ್ದರೆ ಮೂರು ತಿಂಗಳೊಳಗೆ ಹೆಣ್ಣಿಗೆ ವರ್ಗಾಯಿಸಬೇಕು ಎಂದು ಅದರ ಆರನೆಯ ಕಲಮೇ ಹೇಳುತ್ತದೆ. ಎಷ್ಟು ಮನೆಗಳಲ್ಲಿ ವರ್ಗಾಯಿಸಿದ್ದಾರೆ? ಇರಲಿ. ನಮ್ಮ ತಂದೆ ಒಂದು ವಿಷಯದಲ್ಲಿ ಹಟ ಹಿಡಿದರು. ನೋಂದಣಿ ಮಗಳ ಹೆಸರಿನಲ್ಲೇ ಆಗಬೇಕು ಎಂದರು. ಆಯಿತು. ವಿಳಾಸ ತಂದೆಯ ಮನೆಯದು.

ಮದುವೆ ಮುರಿದಾಗ ಪರಸ್ಪರ ಒಪ್ಪಿಗೆಯ ಅರ್ಜಿ ಹಾಕಿದೆವು. ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ಸೇರಿಸಿದ 13ಬಿ ಕಲಮು. ಒಂದು ವರ್ಷ ಬೇರೆ ಬೇರೆ ಇದ್ದಿರಬೇಕು, ಅರ್ಜಿ ಹಾಕಿ ಆರು ತಿಂಗಳ ಮೇಲೆ ಇಬ್ಬರೂ ಮತ್ತೆ ಬಂದು ಹೇಳಿಕೆ ಕೊಡಬೇಕು. ಆ ಆರು ತಿಂಗಳನ್ನು ಸಂದರ್ಭ ನೋಡಿ ಬಿಡಬಹುದು ಎಂದು ಸುಪ್ರೀಂ ಕೋರ್ಟು 2017ರಲ್ಲಿ ಅಮರ್‌ದೀಪ್ ಸಿಂಗ್ ಮೊಕದ್ದಮೆಯಲ್ಲಿ ಹೇಳಿದೆ. ಒಪ್ಪಂದದ ಕಾಗದದಲ್ಲಿ ಒಡವೆಯ ಬಗ್ಗೆ ಒಂದು ಪುಟ, ಮಗುವಿನ ಬಗ್ಗೆ ಎರಡು ಪುಟ. ಕಾರಿನ ಬಗ್ಗೆ ಒಂದೇ ಸಾಲು: ಊರಿನ ಕಾರು ಗಂಡನ ಬಳಿ ಇರತಕ್ಕದ್ದು. 'ಇರತಕ್ಕದ್ದು' ಎಂದರೆ ಹೆಸರು ಬದಲಾಗತಕ್ಕದ್ದು ಎಂದು ಅರ್ಥವಲ್ಲ. ಇದು ನಮ್ಮ ತಲೆಗೆ ಹೋಗಲಿಲ್ಲ, ವಕೀಲರೂ ಹೇಳಲಿಲ್ಲ. ಕಾರು ಬೆಂಗಳೂರಿಗೆ ಹೋಯಿತು.

ಆಮೇಲೆ ನೋಟೀಸುಗಳು ಬರತೊಡಗಿದವು. ಸಿಗ್ನಲ್ ದಾಟಿದ್ದಕ್ಕೆ, ನಿಲ್ಲಿಸಬಾರದ ಕಡೆ ನಿಲ್ಲಿಸಿದ್ದಕ್ಕೆ, ಸೀಟ್ ಬೆಲ್ಟ್ ಇಲ್ಲದ್ದಕ್ಕೆ. ಎಲ್ಲವೂ ನಮ್ಮ ತಂದೆಯ ಮನೆಗೆ, ಮಗಳ ಹೆಸರಿನಲ್ಲಿ. ಎಪ್ಪತ್ತು ದಾಟಿದ ಮನುಷ್ಯ, ನಿವೃತ್ತ ಮೇಷ್ಟ್ರು, ಜೀವಮಾನದಲ್ಲಿ ಒಂದು ದಂಡ ಕಟ್ಟಿದವರಲ್ಲ. 'ನೀನು ಮಸ್ಕತ್ತಿನಲ್ಲಿದ್ದೀಯಲ್ಲ ಮಗಾ, ಬೆಂಗಳೂರಿನ ಸಿಗ್ನಲ್ ಹೇಗೆ ದಾಟಿದೆ' ಎಂದು ಫೋನಿನಲ್ಲಿ ಕೇಳಿದರು. ತಮಾಷೆಗಲ್ಲ, ನಿಜವಾಗಿ ಹೆದರಿ ಕೇಳಿದರು.

ಆಗ ಇದೇ ಬಾಂಧವರು ಏನು ಹೇಳಿದರು ಗೊತ್ತೇ? 'ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಓಡಿಸುವವರು ಅವರು, ಕಟ್ಟುವವರೂ ಅವರೇ.' ನೋಡಿ ಈ ನ್ಯಾಯ! ನಮ್ಮ ಹೆಸರಿಲ್ಲದ ಮಸ್ಕತ್ತಿನ ಕಾರಿಗೆ 'ಕಟ್ಟಿಬಿಡಿ', ನಮ್ಮ ಹೆಸರಿರುವ ಬೆಂಗಳೂರಿನ ಕಾರಿಗೆ 'ಬಿಟ್ಟುಬಿಡಿ'. ಎರಡೂ ತಲೆಕೆಳಗು. ಮದುವೆಯಲ್ಲಿ ಯಾರು ಯಾರಿಗೆ ಏನಾಗಬೇಕು ಎಂದು ಲೆಕ್ಕ ಹಾಕುತ್ತಾರೆಯೇ ಹೊರತು ಕಾಗದದಲ್ಲಿ ಯಾರ ಹೆಸರಿದೆ ಎಂದು ಯಾರೂ ನೋಡುವುದಿಲ್ಲ.

ಭಾರತದ ಮೋಟಾರು ವಾಹನ ಕಾಯ್ದೆ, 1988, ಐವತ್ತನೆಯ ಕಲಮು ನೋಡಿ. ಕಾರು ಕೈ ಬದಲಾದರೆ ಕೊಟ್ಟವರು ಹದಿನಾಲ್ಕು ದಿನದೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು, ಅದೇ ರಾಜ್ಯದೊಳಗಾದರೆ. ಪಡೆದವರು ಮೂವತ್ತು ದಿನದೊಳಗೆ. ನಮೂನೆ 29 ಮತ್ತು ನಮೂನೆ 30 ಎಂಬ ಎರಡು ಕಾಗದಗಳು ಇದಕ್ಕಾಗಿಯೇ ಇವೆ. ಇವೆರಡು ಆಗದಿದ್ದರೆ ಏನಾಗುತ್ತದೆ? ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಎಂಬ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ ಅದನ್ನೂ ಹೇಳಿದೆ. ಒಂದು ಕಾರು ಕೈಯಿಂದ ಕೈಗೆ ಮಾರಾಟವಾಗುತ್ತಾ ಹೋಗಿತ್ತು, ನೋಂದಣಿ ಮಾತ್ರ ಮೊದಲಿನವರ ಹೆಸರಿನಲ್ಲೇ ಉಳಿದಿತ್ತು. 2009ರಲ್ಲಿ ಆ ಕಾರಿನಿಂದ ಅಪಘಾತವಾಗಿ ಒಂದು ಜೀವ ಹೋಯಿತು. ಪರಿಹಾರ ಕೊಡಬೇಕಾದವರು ಯಾರು? ಎಂದೋ ಮಾರಿ ಕೈತೊಳೆದುಕೊಂಡೆ ಎಂದುಕೊಂಡಿದ್ದ, ಪುಸ್ತಕದಲ್ಲಿ ಹೆಸರಿದ್ದ ಮೊದಲ ಮಾಲೀಕರು. ಜೀವ ಕಳಕೊಂಡ ಮನೆಯವರು ಕಾರಿನ ಹಿಂದೆ ಹೆಸರುಗಳ ಸರಪಳಿ ಹಿಡಿದು ಊರೂರು ಅಲೆಯುವುದು ಸಾಧ್ಯವಿಲ್ಲ, ನೋಂದಣಿಯಲ್ಲಿರುವವರೇ ಮಾಲೀಕರು ಎಂಬುದು ಕೋರ್ಟಿನ ನಿಲುವು. ನ್ಯಾಯವೇ ಅದು. ನಮಗೆ ಎದೆ ಧಸಕ್ಕೆಂದದ್ದು ಅದು ನ್ಯಾಯವಾದ್ದರಿಂದಲೇ. ನಾವು ಇಲ್ಲಿ ಮದೀನತ್ ಸುಲ್ತಾನ್ ಖಾಬೂಸಿನಲ್ಲಿ ನಿದ್ದೆ ಮಾಡುತ್ತಿರುವಾಗ ನಮ್ಮ ಹೆಸರು ಬೆಂಗಳೂರಿನ ವರ್ತುಲ ರಸ್ತೆಯಲ್ಲಿ ಗಂಟೆಗೆ ತೊಂಬತ್ತು ಕಿಲೋಮೀಟರಿನಲ್ಲಿ ಓಡುತ್ತಿತ್ತು. ಓಡಿಸಿದವರು ಯಾರು ಎಂದು ಪೊಲೀಸರು ಕೇಳಿದರೆ ತಿಳಿಸಬೇಕಾದ ಹೊಣೆಯೂ ಮಾಲೀಕರದೇ, ಅದೇ ಕಾಯ್ದೆಯ 133ನೆಯ ಕಲಮು.

2023ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಘೋಷಿಸಿದರು, ನೆನಪಿರಬಹುದು, ಬೆಂಗಳೂರಿನಲ್ಲಿ ಜನ ಸಾಲುಗಟ್ಟಿ ನಿಂತಿದ್ದರು. ಮೂರು ವರ್ಷ ಕಾರಿನ ಬಗ್ಗೆ ಒಂದು ಮಾತೂ ಆಡದಿದ್ದ ಮಹನೀಯರಿಂದ ಆ ವಾರ ಸಂದೇಶ ಬಂತು: ಅರ್ಧಕ್ಕೆ ಇಳಿದಿದೆ, ಈಗಲೇ ಕಟ್ಟಿದರೆ ನಿಮಗೇ ಲಾಭ. ನಮಗೇ ಲಾಭವಂತೆ! ಓದಿ ನಾವು ಕಟ್ಟಿದೆವು. ಆಶ್ಚರ್ಯವಾಯಿತೇ? ಇಷ್ಟು ಹೊತ್ತು ಕಟ್ಟಬಾರದು ಎಂದವರು ಕಟ್ಟಿದ್ದೇಕೆ? ಆ ಕಾರು ಕಾಗದದ ಪ್ರಕಾರ ನಮ್ಮದು. ಹೆಸರು ನಮ್ಮದಾದ ಮೇಲೆ ದಂಡವೂ ನಮ್ಮದೇ, ಜಗಳ ಆಮೇಲೆ. ಬಾಕಿ ತೀರಿಸಿದ ರಶೀದಿಯನ್ನು ಮುಂದಿಟ್ಟುಕೊಂಡು ವಕೀಲರಿಂದ ಒಂದು ನೋಟೀಸು ಕೊಡಿಸಿದೆವು: ಇಂತಿಷ್ಟು ದಿನದೊಳಗೆ ಹೆಸರು ಬದಲಿಸಿಕೊಳ್ಳಿ, ಇಲ್ಲವೇ ಕಾರು ತಂದು ಒಪ್ಪಿಸಿ. ಆಗಸ್ಟ್ ರಜೆಯಲ್ಲಿ ಊರಿಗೆ ಹೋಗಿ ನಮೂನೆ 29, 30ಕ್ಕೆ ಸಹಿ ಮಾಡಿ ಬಂದೆವು. ಕಾರು ಕೊಡಿಸಿದವರು ನಮ್ಮ ತಂದೆ, ದಂಡ ಕಟ್ಟಿದವರು ನಾವು, ಓಡಿಸುವವರು ಅವರು. ಇಷ್ಟಾದರೂ ಆ ದಿನ ಸಾರಿಗೆ ಕಚೇರಿಯಿಂದ ಹೊರಬಂದಾಗ ಆದ ಹಗುರ ನ್ಯಾಯಾಲಯದಿಂದ ಹೊರಬಂದಾಗಲೂ ಆಗಿರಲಿಲ್ಲ.

ಆದ್ದರಿಂದ ಈ ಹಾದಿಯಲ್ಲಿರುವ ಸೋದರಿಯರಿಗೆ, ಸೋದರರಿಗೂ, ಒಂದು ಮಾತು. ಎರಡನೆಯ ಹೇಳಿಕೆಗೆ ಸಹಿ ಹಾಕುವ ಮೊದಲೇ ಕಾರಿನ ನಮೂನೆಗಳಿಗೆ ಸಹಿ ಆಗಲಿ. ಒಪ್ಪಂದದಲ್ಲಿ 'ಇರತಕ್ಕದ್ದು' ಎಂದು ಬರೆಯುವ ವಕೀಲರಿಗೆ 'ಇಂತಹ ತಾರೀಖಿನೊಳಗೆ ವರ್ಗಾಯಿಸತಕ್ಕದ್ದು' ಎಂದು ಬರೆಯಲು ಹೇಳಿ. ಸಾಲದ ಮೇಲಿರುವ ಕಾರಾದರೆ ಬ್ಯಾಂಕಿನ ಹಕ್ಕು ತೆಗೆಸುವ ನಮೂನೆ 35 ಬೇರೆ ಇದೆ. ವಿಮೆಯಲ್ಲಿ ಹೆಸರು ಬದಲಿಸಲು ಕಾರು ಪಡೆದವರಿಗೆ ಹದಿನಾಲ್ಕು ದಿನದ ಗಡುವಿದೆ, ಅದನ್ನೂ ಮಾಡಿಸಿದರೋ ಎಂದು ಕೇಳಿ. ಇಲ್ಲಿಂದ ಊರಿಗೆ ಖಾಯಂ ಹೊರಡುವವರು ಕಾರನ್ನು ಮಾರಿ ಹೋಗಿ, ಮಾರಲಾಗದಿದ್ದರೆ ಅಧಿಕಾರ ಪತ್ರ ಬರೆದುಕೊಟ್ಟು ಹೋಗಿ. ಬರೀ ಕೀ ಕೊಟ್ಟು ಹೋಗಬೇಡಿ. ಗೆಳೆಯನ ಕಾರು ಪುಕ್ಕಟೆ ಸಿಕ್ಕಿತೆಂದು ಹತ್ತಿ ಕುಳಿತವರೂ ಒಮ್ಮೆ ವಿಮೆಯ ತಾರೀಖು ನೋಡಿಕೊಳ್ಳಿ. ಬಿಟ್ಟುಹೋದ ಕಾರು ನಿಮ್ಮ ಕಟ್ಟಡದ ಕೆಳಗೇ ನಿಂತಿದ್ದರೆ ಅದನ್ನು ಓಡಿಸಬೇಡಿ, ಮಾರುವ ಯೋಚನೆಯನ್ನಂತೂ ಮಾಡಲೇಬೇಡಿ, ಪೊಲೀಸರಿಗೆ ತಿಳಿಸಿ.

ಇದು ಹೆಂಗಸರ ಗೋಳು ಮಾತ್ರ ಎಂದು ನಾವು ಹೇಳುತ್ತಿಲ್ಲ. ಇದೇ ಊರಿನಲ್ಲಿ ಒಬ್ಬ ಸದಸ್ಯರ ಡಬ್ಬಿಗೆ ಅವರ ಮಾಜಿ ಪತ್ನಿಯ ಕಾರಿನ ಕಾಗದಗಳು ಬರುತ್ತವೆ. ಅವರು ಪಾಪ ಅವನ್ನು ಒಂದು ಕವರಿನಲ್ಲಿ ತುಂಬಿಸಿ ಇಟ್ಟಿದ್ದಾರೆ, ಎಸೆಯಲೂ ಮನಸ್ಸಿಲ್ಲ, ಕೊಡಲೂ ಮುಖವಿಲ್ಲ. ಆದರೆ ಅವರಿಗೆ ಯಾರೂ 'ಕಟ್ಟಿಬಿಡಿ' ಎಂದಿಲ್ಲ.

ಮಗುವಿನ ವಿಷಯ ಬೇರೆ. ಶಾಲೆಯ ಕಾಗದ, ಪಾಸ್‌ಪೋರ್ಟಿನ ಕಾಗದ, ಇವಕ್ಕೆ ತಂದೆಯ ಸಹಿ ಬೇಕಾದಾಗ ನಾವೇ ಬರೆಯುತ್ತೇವೆ, ಅವರೂ ತಡಮಾಡದೆ ಕಳಿಸುತ್ತಾರೆ. ಆ ಮಟ್ಟಿಗೆ ಅವರ ಮೇಲೆ ನಮಗೆ ದೂರಿಲ್ಲ. ಮಗುವಿಗೆ ಇಬ್ಬರೂ ಬೇಕು. ಕಾರಿಗೆ ಒಬ್ಬರೇ ಯಜಮಾನರು.

ಈಗ ಆ ಎರಡನೆಯ ಲಕೋಟೆಗೆ ಬರೋಣ.

ಯಜಮಾನ ಎಂಬ ಪದವನ್ನು ನಮ್ಮವರು ಹೇಗೆ ಬಳಸುತ್ತಾರೆ ನೋಡಿ. ಮನೆಗೂ ಯಜಮಾನರು, ಎಮ್ಮೆಗೂ ಯಜಮಾನರು, ಕಾರಿಗೂ ಯಜಮಾನರು, ಹೆಂಡತಿಗೂ 'ನಮ್ಮ ಯಜಮಾನರು'. ನಮ್ಮ ಸಂಘದ ಸದಸ್ಯರ ಪಟ್ಟಿಯೂ ಈ ಲೆಕ್ಕದ್ದೇ. ಕುಟುಂಬ ಸದಸ್ಯತ್ವ ಎಂದರೆ ಯಜಮಾನರ ಹೆಸರು, ಅದರ ಕೆಳಗೆ 'ಶ್ರೀಮತಿ', ಅದರ ಕೆಳಗೆ ಮಕ್ಕಳು. ಮೂರು ವರ್ಷದಿಂದ ಚಂದಾ ಕಟ್ಟುತ್ತಿರುವವರು ನಾವು. ರಶೀದಿ ಬರುವುದು ಆ ಮಹನೀಯರ ಹೆಸರಿಗೆ. ರಾಜ್ಯೋತ್ಸವದ ಆಮಂತ್ರಣ 'ಶ್ರೀ ಇಂತಹವರು ಮತ್ತು ಕುಟುಂಬ' ಎಂದು. ಅವರು ಬೆಂಗಳೂರಿನಲ್ಲಿದ್ದಾರೆ, ಕುಟುಂಬ ಅವರದಲ್ಲ. ಮೂರು ಸಲ ಬರೆದು ಕೊಟ್ಟೆವು. ಮೊದಲ ಸಲ 'ಮುಂದಿನ ಮುದ್ರಣದಲ್ಲಿ' ಎಂದರು. ಎರಡನೆಯ ಸಲ 'ನಿಯಮಾವಳಿಯಲ್ಲಿ ಕುಟುಂಬದ ಮುಖ್ಯಸ್ಥರು ಎಂದಿದೆ, ಅಕ್ಕತಂಗಿಯರು ಕುಟುಂಬವಾಗುತ್ತಾರೆಯೇ ನೋಡಬೇಕು' ಎಂದರು. ಮೂರನೆಯ ಸಲ ಒಬ್ಬರು ಪಕ್ಕಕ್ಕೆ ಕರೆದು ಮೆಲ್ಲನೆ ಹೇಳಿದರು: 'ಹೆಸರು ತೆಗೆದರೆ ಎಲ್ಲರಿಗೂ ಗೊತ್ತಾಗುತ್ತದಲ್ಲಮ್ಮ.'

ಗೊತ್ತಾಗಲಿ ಎಂದೇ ತೆಗೆಯಲು ಹೇಳುತ್ತಿದ್ದೇವೆ. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಪಡಿತರ ಚೀಟಿಗೆ ಮನೆಯ ಹಿರಿಯ ಹೆಣ್ಣುಮಗಳೇ ಮುಖ್ಯಸ್ಥೆ ಎಂದು ಬರೆದಿದ್ದಾರೆ. ಕರ್ನಾಟಕ ಸರ್ಕಾರ 2023ರ ಆಗಸ್ಟಿನಲ್ಲಿ ಗೃಹಲಕ್ಷ್ಮಿ ಶುರು ಮಾಡಿದಾಗ 'ಮನೆಯ ಯಜಮಾನಿ' ಎಂಬ ಪದವನ್ನು ಫಾರಂನಲ್ಲೇ ಅಚ್ಚು ಹಾಕಿಸಿತು. ನಮ್ಮ ಊರಿನ ರೇಷನ್ ಅಂಗಡಿಯಲ್ಲಿ ಯಜಮಾನಿಯಾಗುವವಳು ಮಸ್ಕತ್ತಿನ ಕನ್ನಡ ಸಂಘದಲ್ಲಿ ಆಗಬಾರದೇ? ವಿಮಾ ಕಂಪನಿಯ ಗುಮಾಸ್ತನಿಗೆ ನಾವು ಯಾರೆಂದು ಗೊತ್ತಿಲ್ಲ, ಅವನ ಯಂತ್ರ ಹಳೆಯ ವಿಳಾಸಕ್ಕೆ ಕಾಗದ ಕಳಿಸಿದರೆ ಕೋಪವೇಕೆ? ಸಂಘದವರು ನಮ್ಮ ಮನೆಯಲ್ಲಿ ನೀರುದೋಸೆ ತಿಂದವರು. ತೀರ್ಪು ಬಂದ ದಿನವೂ ಗೊತ್ತಿದ್ದವರು. ಅವರೂ ಹಳೆಯ ವಿಳಾಸಕ್ಕೇ ಬರೆದರೆ ಅದಕ್ಕೆ ಯಂತ್ರದ ನೆಪ ಹೇಳಲಾಗುವುದಿಲ್ಲ.

ವಿಮಾ ಕಂಪನಿಯ ಲಕೋಟೆಯನ್ನು ನಾವು ಒಡೆಯಲಿಲ್ಲ. ಒಳಗೆ ಏನಿದೆ ಎಂದು ಮೇಲಿನ ಕಿಟಕಿಯಿಂದಲೇ ಕಾಣುತ್ತಿತ್ತು. ಅದರ ಮೇಲೆ 'ಈ ವಿಳಾಸದಲ್ಲಿಲ್ಲ, 2020ರಿಂದ' ಎಂದು ಇಂಗ್ಲಿಷಿನಲ್ಲೂ ಅರಬ್ಬಿಯಲ್ಲೂ ಬರೆದೆವು. ಅರಬ್ಬಿ ಬರೆದುಕೊಟ್ಟದ್ದು ಮಗು, ಶಾಲೆಯಲ್ಲಿ ಕಲಿತ ದುಂಡಗಿನ ಅಕ್ಷರದಲ್ಲಿ. ಬರೆದು, ಒಮ್ಮೆ ಓದಿ, ಏನೂ ಕೇಳದೆ ಕೊಟ್ಟಿತು. ಅಂಚೆ ಕಚೇರಿಯಲ್ಲಿ ಕೊಟ್ಟು ಬಂದದ್ದಾಯಿತು. ಕಂಪನಿಗೆ ಬೇರೆ ಒಂದು ಪತ್ರ ಬರೆದು, ಅದರ ನಕಲಿನ ಮೇಲೆ ಅವರ ಸೀಲು ಹಾಕಿಸಿಕೊಂಡಿದ್ದೇವೆ. ಗ್ಯಾರೇಜಿಗೂ ಹೋಗಿ ಪುಸ್ತಕದಿಂದ ನಮ್ಮ ವೇ ನಂಬರು ಹೊಡೆಸಿ ಬಂದೆವು. ಅಲ್ಲಿದ್ದ ಮಲಯಾಳಿ ಹುಡುಗ ಎರಡು ನಿಮಿಷದಲ್ಲಿ ಮಾಡಿಕೊಟ್ಟ, ಚಹಾ ಕುಡಿಯುತ್ತೀರಾ ಎಂದೂ ಕೇಳಿದ.

ಸಂಘದ ಲಕೋಟೆಯ ಮೇಲೂ ಅದನ್ನೇ ಬರೆದಿದ್ದೇವೆ, ಕನ್ನಡದಲ್ಲಿ. ಈ ಲೇಖನದ ಜೊತೆ ಸಂಪಾದಕರ ಕೈಗೇ ಕೊಡುತ್ತಿದ್ದೇವೆ. ಪಟ್ಟಿಯಲ್ಲಿ ಹಾಕಬೇಕಾದ ಎರಡು ಹೆಸರುಗಳನ್ನು ಮತ್ತು ಮಗುವಿನ ಹೆಸರನ್ನು ಅದರ ಹಿಂಬದಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿದೆ. ಡಬ್ಬಿ ನಂಬರು ಹಳೆಯದೇ, ಪಿನ್ ಕೋಡು 115.